ಹೂಬತ್ತಿಗೆ ಚಂದಾದಾರರು

ನಮ್ಮ ಮಾಮಾನ ಜೊತೆ ಕೂತು ಆನ್‌ಲೈನಿನಲ್ಲಿ ಒಂದು ಹಲ್ಲುಜ್ಜುವ ಬ್ರಷ್ ಕೊಳ್ಳುವುದಕ್ಕಿಂತ ಒಂದು ಗೂಡ್ಸ್ ಗಾಡಿಯನ್ನು ಮಲ್ಕಾಜ್‌ಗಿರಿಯಿಂದ ಕಾಜೀಪೇಟೆಗೆ ಮುಟ್ಟಿಸುವುದು ಸುಲಭ! ಉತ್ಪ್ರೇಕ್ಷೆ ಅನ್ನುತ್ತೀರಾ? ಒಂದು ಭಾನುವಾರ ಅವರ ಮನೆಗೆ ಬಂದು ಬ್ರಷ್ ಕೊಂಡು ನೋಡಿ. ಗೂಡ್ಸ್ ಗಾಡಿಯನ್ನು ಅವರು ನಿಜವಾಗಿಯೂ ಮುಟ್ಟಿಸಿದವರು. ಮೂವತ್ತನಾಲ್ಕು ವರ್ಷ ರೈಲು ಇಂಜಿನ್ ಓಡಿಸಿ ನಿವೃತ್ತರಾದ ನನ್ನ ತಾಯಿಯ ಅಣ್ಣ ಅವರು.

ಇಂಜಿನ್ನಿನಲ್ಲಿ ಒಂದು ಪದ್ಧತಿ ಇದೆ. ಸಿಗ್ನಲ್ ಕಣ್ಣಿಗೆ ಬಿದ್ದ ಕೂಡಲೇ ಒಬ್ಬರು ಕೈ ಚಾಚಿ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಬೇಕು. ಪಕ್ಕದಲ್ಲಿರುವ ಅಸಿಸ್ಟೆಂಟ್ ತಾನೂ ನೋಡಿ ತಾನೂ ಕೂಗಬೇಕು. ಇಬ್ಬರ ಮಾತೂ ಒಂದೇ ಆದರೆ ಗಾಡಿ ಮುಂದಕ್ಕೆ. ಮಾಮಾ ನಿವೃತ್ತರಾದರು, ಪದ್ಧತಿ ಆಗಲಿಲ್ಲ. ಈಗ ಇಂಜಿನ್ನಿನ ಜಾಗದಲ್ಲಿ ಮೊಬೈಲು, ಅಸಿಸ್ಟೆಂಟ್ ಜಾಗದಲ್ಲಿ ನಮ್ಮ ಮಾಮಿ!

ಕುಕ್ಕರಿನ ಗ್ಯಾಸ್ಕೆಟ್ ತರಿಸಿದ ದಿನ ನಾನು ಅಲ್ಲೇ ಇದ್ದೆ. ಫೋನನ್ನು ಟೇಬಲ್ಲಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ ಇಬ್ಬರೂ ಅದರ ಮುಂದೆ ನೆಟ್ಟಗೆ ಕೂತರು. ಮಾಮಾ ಬಲಗೈ ಚಾಚಿ ಕೂಗಿದರು.

"ಗ್ಯಾಸ್ಕೆಟ್, ಒಂದ!"

"ಗ್ಯಾಸ್ಕೆಟ್, ಒಂದ!" ಅಂದರು ಮಾಮಿ, ಬೇಳೆ ಆರಿಸುತ್ತಾ.

"ಕೈ ಎತ್ತು."

ಮಾಮಿ ಬೇಳೆ ಹಿಡಿದ ಕೈಯನ್ನೇ ಎತ್ತಿದರು.

"ಪ್ರತಿ ತಿಂಗಳ ಕಳಸೂದು... ಟಿಕ್ ಇಲ್ಲ! ಮೆಂಬರ್‌ಶಿಪ್... ಟಿಕ್ ಇಲ್ಲ! ಒಮ್ಮೆ ಮಾತ್ರ!"

"ಒಮ್ಮೆ ಮಾತ್ರ!"

ಕೆಳಗಿನ ಮನೆಯ ತೆಲುಗು ಹೆಂಗಸು ಮೊದಮೊದಲು ಗಾಬರಿಯಿಂದ ಮೇಲೆ ಓಡಿ ಬರುತ್ತಿದ್ದರು. "ಏಮೈಂದಂಡಿ?" ಏನಾಯಿತು ಎಂದು ಕೇಳುತ್ತಿದ್ದರು. ಈಗ ಅವರಿಗೂ ರೂಢಿಯಾಗಿದೆ. ಮೇಲಿನಿಂದ ಕೂಗಾಟ ಕೇಳಿದರೆ, ಇವರ ಮನೆಗೆ ಏನೋ ಸಾಮಾನು ಬರಲಿದೆ ಎಂದು ತಿಳಿದು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.

ಇಷ್ಟಕ್ಕೆಲ್ಲ ಕಾರಣ ಹೂಬತ್ತಿ! ದೇವರ ದೀಪಕ್ಕೆ ಹಾಕುವ ಹತ್ತಿಯ ಹೂಬತ್ತಿ. ಎರಡು ವರ್ಷದ ಹಿಂದೆ ಮಾಮಿ ಒಂದು ಡಬ್ಬಿ ತರಿಸಿದ್ದರು. ಆ ಅಂಗಡಿಯವರು 'ಪ್ರತಿ ತಿಂಗಳು ಕಳುಹಿಸಿ, ಉಳಿತಾಯ ಮಾಡಿ' ಎಂಬಲ್ಲಿ ತಾವೇ ಮೊದಲೇ ಟಿಕ್ ಹಾಕಿಟ್ಟಿದ್ದರು. ನಮ್ಮ ಪರವಾಗಿ ನಮ್ಮ ಉಳಿತಾಯದ ಬಗ್ಗೆ ಇಷ್ಟು ಕಾಳಜಿ ವಹಿಸುವವರು ನಮ್ಮ ಬಳಗದಲ್ಲೂ ಇಲ್ಲ ನೋಡಿ! ಮುಂದಿನ ತಿಂಗಳು ಇನ್ನೊಂದು ಡಬ್ಬಿ ಬಂತು. ಅದರ ಮುಂದಿನ ತಿಂಗಳು ಮತ್ತೊಂದು. ರದ್ದು ಮಾಡಲು ಹೋದರೆ ಒಂದು ಪುಟ ತೆರೆದುಕೊಂಡಿತು. ಅಳುವ ಮುಖದ ಗೊಂಬೆ, ಅದರ ಕೆಳಗೆ 'ನಮ್ಮನ್ನು ಬಿಟ್ಟು ಹೋಗುವಿರಾ?' ಎಂಬ ಪ್ರಶ್ನೆ. ಅದರ ಕೆಳಗೆ ಅಂಗೈಯಗಲದ ಹಸಿರು ಗುಂಡಿ, 'ಇಲ್ಲ, ಉಳಿಯುತ್ತೇನೆ'. ಎಲ್ಲಕ್ಕಿಂತ ಕೆಳಗೆ, ಇರುವೆಯ ಸಾಲಿನಂಥ ಬೂದು ಅಕ್ಷರದಲ್ಲಿ, 'ಹೌದು, ನನಗೆ ಉಳಿತಾಯ ಇಷ್ಟವಿಲ್ಲ'. ಯಾವ ಮರ್ಯಾದಸ್ಥರು ಅದನ್ನು ಒತ್ತುತ್ತಾರೆ ಹೇಳಿ? ಹಸಿರನ್ನೇ ಒತ್ತಲಾಯಿತು. ಒಂದಲ್ಲ, ಮೂರು ತಿಂಗಳಲ್ಲಿ ಮೂರು ಸಲ. ಪ್ರತಿ ಸಲವೂ ಅಂಗಡಿಯವರು ಸಂತೋಷ ತಡೆಯಲಾರದೆ ಒಂದು ಡಬ್ಬಿ ಹೆಚ್ಚಿಗೆ ಕಳಿಸಿದರು!

ಸಾಮಾನು ಕೊಡಲು ಬರುವಾತ ಕಲಬುರಗಿಯ ಕಡೆಯವನು. ಗೇಟಿನಿಂದಲೇ ಕೂಗುತ್ತಿದ್ದ, "ಅಮ್ಮಾರ, ಬತ್ತಿ ಬಂತ್ರೀ! ಎಷ್ಟ್ ದೇವ್ರ ಅದಾವ್ರೀ ನಿಮ್ಮನ್ಯಾಗ?" ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಬತ್ತಿ ಕೊಟ್ಟದ್ದಾಯಿತು. ನಾನು ದಿಲ್‌ಸುಖ್‌ನಗರದ ನನ್ನ ಮನೆಯಿಂದ ಬಂದು ಹೋಗುವಾಗಲೆಲ್ಲ ಚೀಲದಲ್ಲಿ ಬತ್ತಿ. ನಾನು ಪಾಠ ಹೇಳುವ ಕೋಚಿಂಗ್ ಸೆಂಟರಿನ ಸಹೋದ್ಯೋಗಿಗಳು ನನ್ನನ್ನು ಕಂಡರೆ ಬೇರೆ ಬಾಗಿಲಿನಿಂದ ಹೋಗತೊಡಗಿದರು. ಕೊನೆಗೆ ನಾನೇ ಕೂತು ಆ ಬೂದು ಅಕ್ಷರ ಹುಡುಕಿ ರದ್ದು ಮಾಡಿದೆ.

ಯಾರು ಹಸಿರು ಒತ್ತಿದರು? ಮಾಮಿ! ಅವರೇ ಒಪ್ಪಿಕೊಂಡರು. ಇಡೀ ಬಳಗಕ್ಕೆ ಸುದ್ದಿಯಾಯಿತು. ಮದುವೆ ಮುಂಜಿವೆಗಳಲ್ಲಿ ಮಾಮಿಯನ್ನು ಕಂಡವರೆಲ್ಲ "ಬತ್ತಿ ಹೆಂಗ ನಡದಾವು?" ಎಂದು ಕೇಳಿ ನಕ್ಕರು. ಅಂದಿನಿಂದ ಮಾಮಿಯ ಫೋನು ಮಾಮಾನ ಜೇಬಿಗೆ ಸೇರಿತು. ಕರೆ ಬಂದರೆ ಕೊಡುತ್ತಾರೆ, ಮಾತು ಮುಗಿದರೆ ಇಸಿದುಕೊಳ್ಳುತ್ತಾರೆ.

ಇದು ನಗುವ ವಿಷಯವೇ, ಆದರೆ ಮಾಮಿಗೆ ಪೂರ್ತಿ ನಗು ಬರುತ್ತಿರಲಿಲ್ಲ. ಅವರು ಕಸೂತಿ ಹಾಕುತ್ತಾರೆ. ಮೊದಲೆಲ್ಲ ದಾರಕ್ಕೆಂದು ಬಸ್ಸು ಹಿಡಿದು ಅಬಿಡ್ಸ್ ಪೇಟೆಗೆ ಒಬ್ಬರೇ ಹೋಗಿ, ಹತ್ತು ಅಂಗಡಿ ತಿರುಗಿ, ಬಣ್ಣ ಹೊಂದಿಸಿ ತರುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಫೋನೇ ಅವರ ಅಬಿಡ್ಸ್ ಆಗಿತ್ತು. ಈಗ ಒಂದು ಲಡಿ ದಾರ ಬೇಕೆಂದರೂ ಇಬ್ಬರೂ ಕೂತು ಕೂಗಬೇಕು. "ನನ್ನ ಬಣ್ಣ ನಾ ಆರಿಸ್ಕೊಂಡು ಎರಡು ವರ್ಷ ಆತವಾ," ಎಂದು ಒಮ್ಮೆ ಅಡುಗೆಮನೆಯಲ್ಲಿ ನನ್ನ ಹತ್ತಿರ ಅಂದರು. ನನಗೆ ಕೆಡುಕೆನಿಸಿತು.

ಮಾಮಾ ಮಾತ್ರ ಈ ನಡುವೆ ದೊಡ್ಡ ಪಂಡಿತರಾದರು! 'ಈ ಬೆಲೆ ಇನ್ನು ಐದೇ ನಿಮಿಷ' ಎಂದು ಗಡಿಯಾರ ಓಡುತ್ತಿದ್ದರೆ ನಾವು ನೀವು ಗಾಬರಿಯಾಗಿ ಒತ್ತುತ್ತೇವೆ. ಮಾಮಾ ಚಹಾ ತರಿಸಿಕೊಂಡು, ಕುರ್ಚಿ ಎಳೆದುಕೊಂಡು, ಐದು ನಿಮಿಷವೂ ನೋಡುತ್ತಾರೆ. ಒಮ್ಮೆ ನನ್ನೆದುರೇ ಸೊನ್ನೆಗೆ ಬಂದ ಗಡಿಯಾರ ಮತ್ತೆ ಐದರಿಂದ ಶುರುವಾಯಿತು.

"ನೋಡಿದೇನವಾ? ನಮ್ಮ ಪ್ಯಾಸೆಂಜರ್ ಗಾಡಿ ಸೈತ ಇಷ್ಟು ಸುಳ್ಳು ಟೈಮ್ ಹೇಳಿಲ್ಲ!"

ಒಂದು ಕಂಪನಿಯ ಹೆಣ್ಣುಮಗಳು ಫೋನ್ ಮಾಡಿ, ವಿಟಮಿನ್ ಮಾತ್ರೆ ಮೂರು ತಿಂಗಳು ಉಚಿತ ಎಂದಳು. "ನಾಕನೇ ತಿಂಗಳ ಹಕೀಕತ್ತು ಹೇಳವಾ ಮೊದಲ," ಅಂದರು ಮಾಮಾ. ಅವಳು ಮೂರು ತಿಂಗಳ ಸುಖವನ್ನೇ ವರ್ಣಿಸಿದಳು. ಇವರು ನಾಲ್ಕನೆಯದನ್ನೇ ಕೇಳಿದರು. ಅರ್ಧ ತಾಸಿನ ಮೇಲೆ ಫೋನಿಟ್ಟವಳು ಅವಳೇ! ಈ ರೋಗ ಓಣಿಗೂ ಇಳಿಯಿತು. ತಳ್ಳುಗಾಡಿಯಲ್ಲಿ ಮೆಂತ್ಯದ ಸೊಪ್ಪು ಕೊಂಡು, "ಒಕ್ಕಸಾರೇ ಕದಾ ಅಮ್ಮಾ?" ಎಂದು ತೆಲುಗಿನಲ್ಲಿ ಖಾತ್ರಿ ಮಾಡಿಕೊಂಡರಂತೆ. ಒಂದೇ ಸಲಕ್ಕೆ ತಾನೇ ಎಂದು! ಆಕೆ ಇವರ ಮುಖವನ್ನೂ ಸೊಪ್ಪನ್ನೂ ನೋಡಿ ಇನ್ನೊಂದು ಕಟ್ಟು ಪುಕ್ಕಟೆ ಹಾಕಿ ಕಳಿಸಿದಳು.

ಹೀಗಾಗಿ ನಮ್ಮ ಕಡೆಯ ನಿವೃತ್ತರು ತಿಂಗಳಿಗೊಮ್ಮೆ ಸೇರುವ ಕೂಟದಲ್ಲಿ, ಆನ್‌ಲೈನ್ ಮೋಸದ ಬಗ್ಗೆ ಮಾತಾಡಲು ಮಾಮಾನನ್ನೇ ಕರೆದರು. ಕಳೆದ ತಿಂಗಳ ಮಾತು. ನಾನೂ ಮಾಮಿಯೂ ಮುಂದಿನ ಸಾಲಿನಲ್ಲಿದ್ದೆವು. ಮಾಮಾ ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈ ಚಾಚಿ ಚಾಚಿ ಹೇಳಿದರು. "ಮೊದಲ ಹಾಕಿದ ಟಿಕ್ ತೆಗೀರಿ! ಫುಕಟ್ ಅಂದ್ರ ಯಾವಾಗಿನ ತನಕ ಅಂತ ಕೇಳ್ರಿ! ರದ್ದು ಮಾಡೂ ದಾರಿ ನೋಡಿಕೊಂಡ ಒಳಗ ಕಾಲಿಡ್ರಿ!" ಮುಪ್ಪಾದವರೆಲ್ಲ ಕನ್ನಡಕ ಏರಿಸಿ ಬರೆದುಕೊಂಡರು. ಆಮೇಲೆ ಎಂದಿನ ಹೂಬತ್ತಿಯ ಕತೆ. "ನಮ್ಮನಿಯಾಕಿ ಹಸಿರು ಕಂಡ ಕೂಡಲೇ ಒತ್ತಿದ್ಲು ನೋಡ್ರಿ, ಮೂರು ಸಲ!" ಸಭೆ ಗೊಳ್ಳೆಂದು ನಕ್ಕಿತು. ಮಾಮಿಯೂ ಎಲ್ಲರ ಜೊತೆ ನಕ್ಕರು.

ಆಗ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರು ಎದ್ದು ನಿಂತರು.

"ನಮ್ಮನಿ ಹಣೇಬಾರಾನೂ ಇದ ಐತ್ರಿ. ಏಳು ದಿನ ಫುಕಟ್ ಭವಿಷ್ಯ ಅಂತ ಇಕಿ ಯಾವುದೋ ಆ್ಯಪ್ ಒತ್ತಿ ಕುಂತಾಳ. ಹುಟ್ಟಿದ ನಕ್ಷತ್ರ ಕೇಳ್ತು, ಮುಂದಿನ ಹತ್ತು ವರ್ಷದ್ದು ಹೇಳ್ತು. ಎಂಟನೇ ದಿನಕ್ಕ ರೊಕ್ಕ ಕಟ್ ಆಗತೈತಿ ಅನ್ನೂದೊಂದು ಹೇಳಲಿಲ್ಲ!"

ಮತ್ತೆ ನಗು. ಮಾಸ್ತರರಿಗೆ ಹುರುಪು ಬಂತು. "ನಾನೂ ನಿಮ್ಮಂಗ ಫೋನ್ ಕಸಗೊಂಡೀನ್ರಿ. ತಿಳೂದಿಲ್ಲ ಅಂದ್ಮ್ಯಾಲ ಇವರಿಗ್ಯಾಕ ಬೇಕು?"

ಅವರ ಪಕ್ಕದಲ್ಲಿ ಕೂತಿದ್ದ ಹೆಂಡತಿ ತಲೆ ತಗ್ಗಿಸಿ ಬಳೆ ತಿರುವತೊಡಗಿದರು. ಮುಖ ಕೆಂಪಾಗಿತ್ತು. ಮಾಮಾ ಅವರನ್ನು ನೋಡಿದರು. ಮಾಮಿಯನ್ನು ನೋಡಿದರು. ಚಾಚಿದ್ದ ಕೈಯನ್ನು ಕೆಳಗಿಳಿಸಿದರು.

"ಮಾಸ್ತರ, ಅವರ ಫೋನ್ ಅವರಿಗೆ ಕೊಡ್ರಿ," ಅಂದರು. "ಹಸಿರು ಒತ್ತಿದ್ದು ಇಕಿ ಅಲ್ಲ. ನಾನು."

ಯಾರಿಗೂ ಅರ್ಥವಾಗಲಿಲ್ಲ. ಮಾಮಿ ಸರಕ್ಕನೆ ಎದ್ದು ಅವರ ತೋಳು ಜಗ್ಗಿದರು. "ಏನ್ರಿ, ಸಾಕ್ರಿ, ಕೂಡ್ರಿ. ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ. ಮೂರೂ ಸಲ ನಾನ ಒತ್ತಿದ್ದು. ಮೂವತ್ನಾಕು ವರ್ಷ ಹಸಿರು ಕಂಡ್ರ ಮುಂದ ಹೋಗಿದ್ದ ಕೈರೀ ಇದು. ಕೆಳಗ ಸಣ್ಣಂದು ಏನು ಬರದಾರ ಅಂತ ಓದಲೇ ಇಲ್ಲ. ಒಂದು ಸಿಗ್ನಲ್ ತಪ್ಪಿಲ್ಲ ನಾ ಅಂತ ಊರಿಗೆಲ್ಲಾ ಹೇಳ್ಕೋಂತ ಬಂದಾಂವ, ಬತ್ತಿ ಡಬ್ಬಿಗೆ ತಪ್ಪಿದೆ. ನಮ್ಮ ತಂಗಿ ಫೋನ್ ಮಾಡಿ ಯಾರು ಒತ್ತಿದ್ರು ಅಂದಾಗ, ನಾ ಬಾಯಿ ತಗಿಯೂದರೊಳಗ ಇಕಿ 'ನಾನ' ಅಂದ್ಲು. ನಾ ಬಾಜೂಕ ಇದ್ದೆ. ಸುಮ್ಮನಾದೆ. ತಪ್ಪು ನಂದು, ಕಸಗೊಂಡದ್ದು ಇಕಿ ಫೋನು. ಇಂಜಿನ್ನಿನ್ಯಾಗ ಅಸಿಸ್ಟೆಂಟ್ ಇರೂದು ಡ್ರೈವರನ ತಪ್ಪು ಹಿಡ್ಯಾಕ್ರಿ. ನನ್ನ ಅಸಿಸ್ಟೆಂಟ್ ಅದನ್ನ ಎರಡು ವರ್ಷ ತನ್ನ ಉಡ್ಯಾಗ ಕಟ್ಟಿಗೊಂಡು ಕುಂತ್ಲು."

ಜೇಬಿನಿಂದ ಫೋನು ತೆಗೆದು, ಅಷ್ಟು ಜನರ ಎದುರಿಗೆ, ಮಾಮಿಯ ಕೈಯಲ್ಲಿಟ್ಟರು. ಈ ಮನುಷ್ಯನನ್ನು ನಾನು ಎಷ್ಟು ಗೇಲಿ ಮಾಡಿದ್ದೇನೆ! ಅಂದು ಅವರ ಮೇಲೆ ನನಗೆ ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಮಾಮಿಯ ಬಗ್ಗೆ ಏನು ಹೇಳಲಿ? ಬತ್ತಿಯ ವಿಷಯಕ್ಕೆ ಅವರನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬಳು. ನಾಚಿಕೆಯಾಯಿತು.

ಮಾಮಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಅಲ್ಲೇ ಕುರ್ಚಿಯಲ್ಲಿ ಕೂತು ಫೋನು ತೆರೆದರು. ಯಾರೂ ಕೈ ಚಾಚಲಿಲ್ಲ, ಯಾರೂ ಕೂಗಲಿಲ್ಲ. ಮಾಮಾ ಪಕ್ಕದಲ್ಲಿ ಕೂತು, ನೋಡಬಾರದೆಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಮಾಮಿಯ ಬೆರಳು ನಿಧಾನವಾಗಿ ಮೇಲೆ ಕೆಳಗೆ ಓಡಾಡಿತು, ಒಂದು ಕಡೆ ನಿಂತಿತು, ಒತ್ತಿತು.

"ಆತೇನು?" ಅಂದರು ಮಾಮಾ, ಕಿಟಕಿಯನ್ನೇ ನೋಡುತ್ತಾ.

"ಆತ್ರಿ."

"ಏನು ತಗೊಂಡಿ?"

"ನಿಮಗ್ಯಾಕ್ರಿ?" ಅಂದರು ಮಾಮಿ.