ನಾನು ಕಾರಿಗೆ ಶ್ರುತಿ ಹಿಡಿದದ್ದು

"ಇನ್ನೂರು ಚಿಲ್ಲರೆ ತಂತಿ ಇರೋ ಪಿಯಾನೊಗೇ ಶ್ರುತಿ ಹಿಡಿಯೋನು ನಾನು. ಎರಡು ಉಕ್ಕಿನ ಸರಳು ಯಾವ ಲೆಕ್ಕ!"

ನಾನು ಅಡುಗೆಮನೆಯ ನಡುವೆ ನಿಂತು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಲೊರೇನ್ ಸೋರುವ ಸೂರಿನ ಕೆಳಗೆ ಬಕೆಟ್ ಇಡುತ್ತಿದ್ದಳು.

"ಮೊದಲು ಈ ಸೂರಿಗೆ ಏನಾದ್ರೂ ಹಿಡಿ, ಚೆಸ್ಟರ್," ಎಂದಳು.

ಅವಳಿಗೆ ಅರ್ಥವಾಗಲಿಲ್ಲ. ಇದು ಸೂರಿನ ಪ್ರಶ್ನೆಯಲ್ಲ, ಮಾನದ ಪ್ರಶ್ನೆ! ಟೊಲೀಡೊ ಊರಾಚೆ ಮುಚ್ಚಿಹೋದ ಮಾಲ್ ಒಂದಿದೆ. ಅದರ ಪಾರ್ಕಿಂಗ್ ಜಾಗದಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನು ಸಾಲಾಗಿ ಇಟ್ಟು, ಅವುಗಳ ನಡುವೆ ಒಬ್ಬೊಬ್ಬರಾಗಿ ಕಾರು ಓಡಿಸುವುದು ನಮ್ಮ ಕ್ಲಬ್ಬಿನ ಆಟ. ಬೇಗ ಮುಗಿಸಿದವನು ಗೆದ್ದ, ಕೋನ್ ಬೀಳಿಸಿದವನು ಕೆಟ್ಟ. ಹಿಂದಿನ ಸಲ ನನ್ನ ನೀಲಿ ಕಾರು ತಿರುವಿನಲ್ಲಿ ವಾಲಿದ ಕ್ಷಣವನ್ನು ಯಾರೋ ಫೋಟೊ ಹಿಡಿದುಬಿಟ್ಟಿದ್ದರು. ಅದೇ ಕ್ಲಬ್ಬಿನಲ್ಲಿ ಕಾರು ಓಡಿಸುವ ಲೊರೇನಳ ತಮ್ಮ ಡುವೇನ್ ಅದನ್ನು ದೊಡ್ಡದು ಮಾಡಿಸಿ ಈಸ್ಟರ್ ಊಟದ ಮೇಜಿನ ಮೇಲೆಯೇ ಇಟ್ಟ!

"ಭಾವ, ಇದು ರೇಸ್ ಕಾರಾ, ಮುಳುಗ್ತಾ ಇರೋ ದೋಣಿನಾ?"

ಮನೆಮಂದಿಯೆಲ್ಲ ನಕ್ಕರು. ನನ್ನ ಅತ್ತೆ ಬರ್ನೀಸ್ ಅಂತೂ ನಗು ತಡೆಯಲಾಗದೆ ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡರು. ಅಂದೇ ಶಪಥ ಮಾಡಿದೆ. ಕಾರಿಗೆ ಸ್ವೇ ಬಾರ್ ಹಾಕಿಸುತ್ತೇನೆ. ಅಲ್ಲ, ಹಾಕಿಸುವುದೇನು, ನಾನೇ ಹಾಕುತ್ತೇನೆ!

ಸ್ವೇ ಬಾರ್ ಎಂದರೆ ಕಾರಿನ ಹೊಟ್ಟೆಯ ಕೆಳಗೆ ಅಡ್ಡಲಾಗಿ ಕೂರುವ ಸರಳು. ಮುಂದೊಂದು, ಹಿಂದೊಂದು. ಎಡಗಡೆಯ ಚಕ್ರವನ್ನೂ ಬಲಗಡೆಯ ಚಕ್ರವನ್ನೂ ಒಂದಕ್ಕೊಂದು ಕಟ್ಟಿಹಾಕಿ, ತಿರುವಿನಲ್ಲಿ ಕಾರು ವಾಲದಂತೆ ನೋಡಿಕೊಳ್ಳುವುದು ಅದರ ಉದ್ಯೋಗ. ಕಾರ್ಖಾನೆಯವರು ಹಾಕಿರುವ ಸರಳು ಸಣಕಲು. ನಾನು ತರಿಸಿದ್ದು ನನ್ನ ಹೆಬ್ಬೆರಳಿಗಿಂತ ದಪ್ಪ.

ಲೊರೇನ್ ಒಂದು ಷರತ್ತು ಹಾಕಿದಳು. "ಈ ಸಲ ನಮ್ಮ ಕಾರು ಡುವೇನ್‌ನ ಕಾರನ್ನ ಸೋಲಿಸಿದ್ರೆ ಸರಿ, ಇಟ್ಕೋ. ಇಲ್ದಿದ್ರೆ ಮಾರಿ ಸೂರು ರಿಪೇರಿ ಮಾಡ್ಸೋದು."

"ಆಗಲಿ!" ಎಂದೆ, ರಣರಂಗಕ್ಕೆ ಹೊರಟ ರಾಜನ ಠೀವಿಯಲ್ಲಿ. ತಲೆಯ ಮೇಲೆ ಸೂರಿನಿಂದ ಒಂದು ಹನಿ ಬಿತ್ತು. ಪಟ್ಟಾಭಿಷೇಕವೆಂದುಕೊಂಡೆ.

ಸರಳುಗಳು ಬಂದ ದಿನದಿಂದಲೇ ಗೊಂದಲ ಶುರುವಾಯಿತು. ಅತ್ತೆಯ ಕಿವಿಗೆ ಬಿದ್ದದ್ದು 'ಬಾರ್' ಎಂಬ ಒಂದೇ ಮಾತು. ಚರ್ಚಿನ ಹೆಂಗಸರ ಮುಂದೆ ಕಣ್ಣೊರೆಸಿಕೊಂಡು ಹೇಳಿದರಂತೆ, "ಅಳಿಯ ಎರಡೆರಡು ಬಾರ್ ತರ್ಸಿದಾನೆ ಕಣ್ರೇ. ಹೊತ್ತು ಹುಟ್ಟಿದ್ರೆ ಅದರ ಕೆಳಗೇ ಬಿದ್ಕೊಂಡಿರ್ತಾನೆ!"

ಮರುದಿನ ನಾನು ಗ್ಯಾರೇಜಿನಲ್ಲಿ ಹಳೆಯ ಸರಳು ಬಿಚ್ಚಲು ಹೆಣಗುತ್ತಿದ್ದಾಗ ಪಾದ್ರಿಗಳು ಬಂದರು. ಕಾರಿನ ಕೆಳಗಿಂದ ಹೊರಗೆ ಚಾಚಿಕೊಂಡಿದ್ದ ನನ್ನ ಕಾಲುಗಳ ಪಕ್ಕದಲ್ಲಿ ಸ್ಟೂಲ್ ಎಳೆದು ಕೂತರು.

"ಬಿಡೋದು ಕಷ್ಟ ಅಂತ ಗೊತ್ತು ಮಗೂ."

ನಟ್ಟಿನ ವಿಷಯ ಇವರಿಗೆ ಹೇಗೆ ತಿಳಿಯಿತೆಂದು ಆಶ್ಚರ್ಯಪಟ್ಟೆ. "ಹೌದು ಫಾದರ್. ಬೆಳಿಗ್ಗೆಯಿಂದ ಒದ್ದಾಡ್ತಿದೀನಿ, ಬಿಡ್ತಾನೇ ಇಲ್ಲ!"

"ಏನೇನು ಮಾಡಿ ನೋಡಿದೆ?"

"ಎಣ್ಣೆ ಹಾಕ್ದೆ."

"ಬೆಳಿಗ್ಗೆಯೇ?"

"ಬೆಳಿಗ್ಗೆ ಸ್ವಲ್ಪ. ಸಾಲ್ಲಿಲ್ಲ ಅಂತ ಮಧ್ಯಾಹ್ನ ಇನ್ನಷ್ಟು."

ಪಾದ್ರಿಗಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಸಣ್ಣ ದನಿಯಲ್ಲಿ ಪ್ರಾರ್ಥನೆ ಮಾಡಿದರು. ನಟ್ಟಿಗಾಗಿ ಪ್ರಾರ್ಥಿಸುವ ಪಾದ್ರಿಯನ್ನು ನಾನು ಕಂಡದ್ದು ಅದೇ ಮೊದಲು! ಸೋಜಿಗವೆಂದರೆ, ಅವರು ಹೋದ ಮೇಲೆ ನಟ್ಟು ಬಿಟ್ಟಿತು.

ಸಂಜೆಯ ಹೊತ್ತಿಗೆ ಹಳೆಯ ಸರಳುಗಳು ಮೂಲೆ ಸೇರಿದವು, ಹೊಸವು ಕಾರಿನ ಹೊಟ್ಟೆ ಸೇರಿದವು. ಮುಂದಿನದು ಶ್ರುತಿ ಹಿಡಿಯುವ ಕೆಲಸ. ಸರಳಿನ ತುದಿಯಲ್ಲಿ ಮೂರು ತೂತು ಇರುತ್ತವೆ. ಚಕ್ರದ ಕಡೆಯಿಂದ ಬರುವ ಕೊಂಡಿಯನ್ನು ಯಾವ ತೂತಿಗೆ ಸಿಕ್ಕಿಸುತ್ತೇವೋ ಅದರ ಮೇಲೆ ಸರಳು ಬಿಗಿಯೋ ಸಡಿಲವೋ ಆಗುತ್ತದೆ. ಯಾವ ತೂತಿಗೆ ಬಿಗಿ? ಸೂಚನೆಯ ಹಾಳೆಯ ಮೇಲೆ ಲೊರೇನ್ ಆಗಲೇ ಸೋರುವ ಸೂರಿನ ಬಕೆಟ್ ಇಟ್ಟಿದ್ದಳು. ಅಕ್ಷರಗಳು ತೇಲಾಡುತ್ತಿದ್ದವು. ನಾನೇ ತರ್ಕ ಮಾಡಿದೆ: ತಂತಿಯನ್ನು ದೂರ ಎಳೆದಷ್ಟೂ ಬಿಗಿ, ಆದ್ದರಿಂದ ತೀರಾ ತುದಿಯ ತೂತೇ ಬಿಗಿ!

ಮೊದಲ ಸವಾರಿಗೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಚರ್ಚಿಗೆ ಹೊರಟೆ. ಮೊದಲ ತಿರುವಿನಲ್ಲಿ ಎಡಕಿಟಕಿಯ ಬಳಿಯಿದ್ದ ಅತ್ತೆ ಬಲಕಿಟಕಿಯನ್ನು ತಲುಪಿದರು. ಎರಡನೆಯ ತಿರುವಿನಲ್ಲಿ ಅವರೂ ಅವರ ಕೈಚೀಲವೂ ವಾಪಸಾದರು.

"ಚೆಸ್ಟರ್, ಮೊದಲಿಗಿಂತ ಜಾಸ್ತಿ ವಾಲ್ತಿದೆ ಕಣಪ್ಪ."

"ವಾಲ್ತಿರೋದು ನೀವು ಅತ್ತೆ, ಕಾರಲ್ಲ!"

ಆದರೂ ಮನಸ್ಸಿನಲ್ಲಿ ಹುಳ ಹೊಕ್ಕಿತು. ಶತ್ರುವಾದರೂ ಸರಿ ಎಂದು ಡುವೇನ್‌ಗೆ ಫೋನ್ ಮಾಡಿದೆ. ಸ್ನೇಹಿತನೊಬ್ಬನ ಕಾರಿನ ತೊಂದರೆ ಎಂದು ಪೀಠಿಕೆ ಹಾಕಿದೆ.

"ನಿನ್ನ ಆ ಸ್ನೇಹಿತ ಸ್ಟೇರಿಂಗ್ ತಿರುಗಿಸ್ದಾಗ ಏನಾಗುತ್ತೆ ಭಾವ? ಮೂತಿ ಹೊರಗೆ ಓಡುತ್ತಾ, ಬಾಲ ಹೊರಗೆ ಓಡುತ್ತಾ?"

ಯೋಚಿಸಿದೆ. "ಒಂದ್ಸಲ ಮೂತಿ ಅನ್ಸುತ್ತೆ, ಒಂದ್ಸಲ ಬಾಲ ಅನ್ಸುತ್ತೆ. ಖಂಡಿತವಾಗಿ ಹೇಳ್ಬೇಕಂದ್ರೆ, ಅವನ ಅತ್ತೆ ಓಡ್ತಾರೆ."

ಅವನು ಬಹಳ ಹೊತ್ತು ಕೆಮ್ಮಿದ. ಕೊನೆಗೆ, "ಮೂತಿ ಓಡಿದ್ರೆ ಹಿಂದಿನ ಸರಳು ಬಿಗಿ ಮಾಡು, ಮುಂದಿಂದು ಸಡಿಲ ಮಾಡು. ಬಾಲ ಓಡಿದ್ರೆ ಉಲ್ಟಾ," ಎಂದ.

ಉಲ್ಟಾ ಎಂದರೆ ಯಾವುದರ ಉಲ್ಟಾ? ಊಟದ ಮೇಜಿನ ಮೇಲೆ ಬ್ರೆಡ್ಡನ್ನು ಕಾರು ಮಾಡಿಕೊಂಡು, ಅದರಡಿ ಎರಡು ಚಾಕು ತೂರಿಸಿ ತಿರುಗಿಸಿ ನೋಡಿದೆ. ಬ್ರೆಡ್ಡಿಗೆ ಮೂತಿ ಯಾವುದು, ಬಾಲ ಯಾವುದು ಎಂಬುದೇ ಮರೆತುಹೋಯಿತು. ಅತ್ತೆ ಸದ್ದಿಲ್ಲದೆ ಬಾಲದ ಕಡೆಯಿಂದ ಒಂದು ತುಂಡು ಕೊಯ್ದುಕೊಂಡು ಬೆಣ್ಣೆ ಹಚ್ಚಿದರು.

ಅಲ್ಲಿಂದ ದಿನವೂ ಸಂಜೆ ಕಾರಿನ ಕೆಳಗೆ ತೂರಿಕೊಳ್ಳುವುದೇ ಕೆಲಸವಾಯಿತು. ಅಷ್ಟರಲ್ಲಿ ಗ್ಯಾರೇಜಿನ ಬಲಗೋಡೆಗೆ ಗಿರಾಕಿಯೊಬ್ಬರ ಬಿಚ್ಚಿಹಾಕಿದ ಪಿಯಾನೊ ಬಂದು ಒರಗಿದ್ದರಿಂದ ಎಡಗಡೆಯಿಂದ ಮಾತ್ರ ತೂರಬಹುದಿತ್ತು. ಚಿಂತೆಯೇನು? ಒಂದೇ ಬದಿಯ ತೂತು ಬದಲಿಸಿದರೆ ಅರ್ಧ ಪರಿಣಾಮವೆಂದು ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಬರೆದಿದ್ದರು. ಅರ್ಧ ಸ್ವರ! ನನ್ನ ಕಸುಬೇ ಅದಲ್ಲವೇ! ಒಂದು ತೂತು ಬದಲಿಸುವುದು, ಬೀದಿ ಸುತ್ತಿ ಬರುವುದು, ಕಣ್ಣು ಮುಚ್ಚಿ ತಲೆದೂಗುವುದು.

"ಲೊರೇನ್, ಇವತ್ತು ಬಾಲ ಎಷ್ಟು ಚುರುಕಾಗಿದೆ ಗೊತ್ತಾ? ನಿನ್ನೆಗೂ ಇವತ್ತಿಗೂ ಅಜಗಜಾಂತರ!"

"ಸೂರೂ ನಿನ್ನೆಗಿಂತ ಚುರುಕಾಗಿ ಸೋರ್ತಿದೆ," ಎನ್ನುತ್ತಿದ್ದಳು ಅವಳು.

ಸ್ಪರ್ಧೆಯ ಭಾನುವಾರ ಬಂತು. ಅತ್ತೆ ಮಡಚುವ ಕುರ್ಚಿ, ಫ್ಲಾಸ್ಕು, ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬಿನ ಡಬ್ಬಿಯೊಂದಿಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಒಂದೇ ಕಾರನ್ನು ಇಬ್ಬರು ಓಡಿಸಬಹುದಾದ್ದರಿಂದ ಲೊರೇನ್ ಕೂಡ ಹೆಸರು ಕೊಟ್ಟಿದ್ದಳು, "ಮಾರೋಕೆ ಮುಂಚೆ ಒಂದು ಸುತ್ತು ಹೊಡೆಯೋಣ ಅಂತ."

ಕ್ಲಬ್ಬಿಗೆ ಹೊಸದಾಗಿ ಸೇರಿದವರು ನನ್ನ ಸುತ್ತ ನೆರೆದರು. ನಾನು ಬಾನೆಟ್ಟಿಗೆ ಒರಗಿ ಉಪನ್ಯಾಸ ಶುರುಮಾಡಿದೆ. "ನೋಡಿ, ಸರಳು ಮಾತಾಡುತ್ತೆ. ಕೇಳೋ ಕಿವಿ ಬೇಕು. ನಿನ್ನೆ ಒಂದು ತೂತು ಬದಲಾಯಿಸ್ದೆ ಅಷ್ಟೇ, ಇಡೀ ಕಾರಿನ ಸ್ವಭಾವವೇ ಬೇರೆ ಆಯ್ತು!" ಅವರು ಬಾಯಿ ತೆರೆದು ಕೇಳುತ್ತಿದ್ದರು.

ಅಷ್ಟರಲ್ಲಿ ಲೊರೇನಳ ಹೆಲ್ಮೆಟ್ ಕೈಜಾರಿ ಉರುಳುತ್ತ ಕಾರಿನ ಬಲಗಡೆ ಅಡಿಗೆ ಹೋಯಿತು. ಅವಳು ನೆಲಕ್ಕೆ ಕೆನ್ನೆಯಿಟ್ಟು ಕೈ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು.

"ಚೆಸ್ಟರ್, ಈ ಕಡೆ ಸರಳು ಯಾವುದಕ್ಕೂ ಸೇರಿಕೊಂಡೇ ಇಲ್ವಲ್ಲ? ಕೊಂಡೀನ ತಂತಿಯಲ್ಲಿ ಕಟ್ಟಿ ತೂಗುಹಾಕಿದೆ."

"ಏನು ತಂತಿ?"

"ಪಿಯಾನೊ ತಂತಿ. ಯಾವ ಸ್ವರದ್ದು ಅಂತ ನಿಂಗೇ ಗೊತ್ತು."

ಈಗ ನೆನಪಾಯಿತು! ಚಕ್ರ ನೆಲಕ್ಕೂರಿದ ಮೇಲೆ ಬಲಗಡೆಯ ಕೊಂಡಿಗಳನ್ನು ಬಿಗಿಯೋಣವೆಂದು, ಅಲ್ಲಿಯವರೆಗೆ ಅಡ್ಡ ಬರದಿರಲೆಂದು ಅಚ್ಚುಕಟ್ಟಾಗಿ ತಂತಿ ಸುತ್ತಿದ್ದೆ. ಅತ್ತೆ ಊಟಕ್ಕೆ ಕರೆದರು. ಹೋದೆ. ಒಂದು ಬದಿ ಬಿಟ್ಟುಕೊಂಡ ಸರಳು ಏನನ್ನೂ ಹಿಡಿಯುವುದಿಲ್ಲ, ಸುಮ್ಮನೆ ಜೋಲಾಡುತ್ತದೆ. ಅಂದರೆ ಇಷ್ಟು ದಿನ ನನ್ನ ಕಾರಿನಲ್ಲಿ ಹಳೆಯ ಸರಳೂ ಇರಲಿಲ್ಲ, ಹೊಸ ಸರಳೂ ಇರಲಿಲ್ಲ! ಹಾಗಾದರೆ ನಾನು ಕೇಳಿದ್ದೇನು? ತಲೆದೂಗಿದ್ದು ಯಾವುದಕ್ಕೆ? ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಉಪನ್ಯಾಸ ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಆಕಾಶ ನೋಡುತ್ತ ಕರಗಿದರು.

ಡುವೇನ್ ಕೊಟ್ಟ ಸ್ಪ್ಯಾನರಿನಿಂದ ಬಲಗಡೆಯ ಎರಡೂ ಕೊಂಡಿ ಬಿಗಿದು ಹೊರಟೆ. ಮೊದಲ ತಿರುವಿನಲ್ಲಿ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದೆ. ಕಾರು ವಾಲಲಿಲ್ಲ, ನಿಜ. ಆದರೆ ತಿರುಗಲೂ ಇಲ್ಲ! ನೇರ ಹೋಯಿತು. ಇನ್ನಷ್ಟು ತಿರುಗಿಸಿದೆ. ಇನ್ನಷ್ಟು ನೇರ ಹೋಯಿತು. ಎದುರಿಗಿದ್ದ ಕೋನ್‌ಗಳೆಲ್ಲ ನನಗೆ ಸಾಷ್ಟಾಂಗ ನಮಸ್ಕಾರ ಮಾಡಿದವು. ಒಂದು ಬಂಪರಿಗೇ ಸಿಕ್ಕಿಕೊಂಡು ಕೊನೆಯವರೆಗೂ ನನ್ನೊಡನೆ ಬಂತು.

"ಮೂತಿ!" ಎಂದು ಕೂಗಿದ ಡುವೇನ್. "ಭಾವ, ಇದು ಮೂತಿ!"

ಲೊರೇನ್ ಹೆಲ್ಮೆಟ್ ಹಾಕಿಕೊಳ್ಳುತ್ತ ತಮ್ಮನಿಗೆ ಹೇಳಿದಳು, "ಇವನು ಯಾವ ಕೊಂಡೀನ ಯಾವ ತೂತಿಗೆ ಹಾಕಿದಾನೋ, ಎಲ್ಲಾನೂ ಉಲ್ಟಾ ಮಾಡಿಕೊಡು."

"ಅಕ್ಕಾ, ಏನು ಎತ್ತ ಅಂತ ನೋಡ್ಬೇಡ್ವಾ?"

"ಮದುವೆ ಆದಾಗಿಂದ ನೋಡಿದೀನಿ. ಉಲ್ಟಾ ಮಾಡು."

ಆಗಲೇ ತನ್ನ ಸುತ್ತು ಮುಗಿಸಿ, ಗೆಲುವು ತನ್ನದೇ ಎಂಬ ಧೈರ್ಯದಲ್ಲಿದ್ದ ಡುವೇನ್, "ತುದಿಯ ತೂತು ಸಡಿಲ ಭಾವ, ಒಳಗಿಂದೇ ಬಿಗಿ!" ಎಂದು ನಗುನಗುತ್ತ ಕಾರಿನ ಕೆಳಗೆ ನುಗ್ಗಿ, ತುದಿಯಲ್ಲಿದ್ದುದನ್ನು ಒಳಗೆ, ಒಳಗಿದ್ದುದನ್ನು ತುದಿಗೆ ಮಾಡಿದ. ಲೊರೇನ್ ಹೊರಟಳು. ಅದೇ ಕಾರು, ಅದೇ ತಿರುವು! ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗಿತು. ಒಂದು ಕೋನೂ ಅಲುಗಲಿಲ್ಲ. ಮೈಕಿನಲ್ಲಿ ಸಮಯ ಕೂಗಿದಾಗ ಡುವೇನ್ ಕೈಯಲ್ಲಿದ್ದ ಪಿಯೆರೋಗಿ ಕೈಯಲ್ಲೇ ಉಳಿಯಿತು. ಕೂದಲೆಳೆಯಷ್ಟು ಅಂತರದಲ್ಲಿ ಅಕ್ಕ ಗೆದ್ದಿದ್ದಳು!

ನಾನು ಓಡಿಹೋಗಿ ಅವಳನ್ನು ತಬ್ಬಿಕೊಂಡೆ. "ನಮ್ಮ ಕಾರು ಗೆದ್ದಿತು! ಹಾಗಾದ್ರೆ ಮಾರೋದಿಲ್ಲ ತಾನೆ?"

"ಹುಚ್ಚಾ? ಇಷ್ಟು ಒಳ್ಳೇ ಕಾರನ್ನ ಯಾರಾದ್ರೂ ಮಾರ್ತಾರಾ?" ಎಂದಳು. ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡಳು.

"ಮತ್ತೆ ಸೂರು?"

"ನಾಳೆಯಿಂದ ನೀನು ಏಣಿ ಹತ್ತು. ನನ್ನ ಕಾರಿನ ಕೆಳಗೆ ನಿಂಗೇನು ಕೆಲಸ?"