ಎಂಬತ್ತಾರನೇ ನಂಬರಿನ ಅಳಿಯ

ಆರ್ವಿಲ್: ಚೆಂಡು ಹಿಡಿಯೋಕೆ ಬಾರದ ಕೈಗೆ ನನ್ನ ಮಗಳನ್ನ ಕೊಡ್ಬೇಕಾ? ಆಗಲ್ಲ ಅಂದ್ರೆ ಆಗಲ್ಲ!

ಲವರ್ನ್: ಮೆಲ್ಲಗೆ ಮಾತಾಡು ಮಾರಾಯ. ಹುಡುಗ ಇನ್ನೇನು ಬರ್ತಾನೆ. ನಿನ್ನ ಒಪ್ಪಿಗೆ ಕೇಳೋಕೇ ಬರ್ತಿರೋದು.

ಆರ್ವಿಲ್: ಬರ್ಲಿ, ಕೇಳ್ಲಿ. ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ.

ಶುಕ್ರವಾರದ ಸಂಜೆ. ವಿಸ್ಕಾನ್ಸಿನ್‌ನಲ್ಲಿ ಶುಕ್ರವಾರವೆಂದರೆ ಕರಿದ ಮೀನು, ಮೇಲೊಂದಿಷ್ಟು ಬ್ರಾಂಡಿ. ಊರೆಲ್ಲ ನನ್ನ ಬಾರಿನಲ್ಲೇ ಇರುತ್ತದೆ. ಕೌಂಟರಿನ ಹಿಂದೆ ನಿಂತು ಲೋಟ ಒರೆಸುವ ನನಗೆ ಕಿವಿ ಮುಚ್ಚಿಕೊಳ್ಳುವ ಅಭ್ಯಾಸವಿಲ್ಲ. ಆರ್ವಿಲ್ ಕಾಗದದ ಗಿರಣಿಯಿಂದ ನಿವೃತ್ತನಾದವನು, ಬಾಯಿ ಮಾತ್ರ ಇನ್ನೂ ನಿವೃತ್ತವಾಗಿಲ್ಲ. ಲವರ್ನ್ ಅವನ ಹೆಂಡತಿ, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾಳೆ. ಮಗಳು ಡೀನಾ ನರ್ಸು, ಈಗ ಡ್ಯೂಟಿಯಲ್ಲಿದ್ದಾಳೆ. ಅವಳು ಮೆಚ್ಚಿರುವುದು ನಮ್ಮ ಲಾಗರ್ಸ್ ಫುಟ್‌ಬಾಲ್ ತಂಡದ ಥೇನ್ ವುಕೊವಿಚ್‌ನನ್ನು. ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು. ಬೇರೆ ಅಪ್ಪನಾಗಿದ್ದರೆ ಬೀದಿಯಲ್ಲಿ ಕುಣಿಯುತ್ತಿದ್ದ. ಆದರೆ ಎಂಬತ್ತಾರನೇ ನಂಬರಿನ ಜೆರ್ಸಿಯ ಥೇನ್ ತಂಡದ ಎರಡನೇ ಟೈಟ್ ಎಂಡ್. ಮೊದಲನೆಯವನು ಸುಸ್ತಾದಾಗ ಅಂಗಳಕ್ಕಿಳಿಯುವವನು.

ಲವರ್ನ್: ಟೈಟ್ ಎಂಡ್ ಕೆಲಸ ಬರೀ ಹಿಡಿಯೋದಲ್ಲ. ಸಾಲಿನ ತುದೀಲಿ ನಿಂತು ಎದುರಿನವರನ್ನ ತಡೀಬೇಕು. ಇವನು ತಡೆದ್ರೇನೇ ಹಿಂದಿರೋನು ಚೆಂಡು ಹಿಡ್ಕೊಂಡು ಓಡೋದು. ಹೊಗಳಿಕೆ ಅವನಿಗೆ, ಏಟು ಇವನಿಗೆ.

ಆರ್ವಿಲ್: ತಡೆಯೋಕೆ ನಮ್ಮನೆ ಫ್ರಿಜ್ ತಂದು ನಿಲ್ಲಿಸಿದ್ರೂ ಆಗುತ್ತೆ. ಅದರೊಳಗೆ ಬಿಯರ್ ಆದ್ರೂ ಇರುತ್ತೆ.

ಲವರ್ನ್: ಇದನ್ನೂ ರೇಡಿಯೋದಲ್ಲಿ ಹೇಳು, ಹೋಗು.

ಆರ್ವಿಲ್: ಹೇಳಿದೀನಿ! ಸೋಮವಾರ ಬಂದ್ರೆ ಸಾಕು, ರೇಡಿಯೋದ ಆಟದ ಕಾರ್ಯಕ್ರಮಕ್ಕೆ ಫೋನ್ ಮಾಡಿ ಹೇಳ್ತೀನಿ. "ಆ ಎಂಬತ್ತಾರನೇ ನಂಬರಿನವನನ್ನ ಮನೆಗೆ ಕಳಿಸಿ" ಅಂತ. ಈಗ ಊರೆಲ್ಲ ಅದನ್ನೇ ಕೂಗುತ್ತೆ.

ಲವರ್ನ್: ಮನೆಗೆ ಕಳಿಸಿದ್ರೆ ಯಾರ ಮನೆಗೆ ಬರ್ತಾನೆ ಹೇಳು? ನಿನ್ನ ಮನೆಗೇ.

ಇದನ್ನು ಆರ್ವಿಲ್ ಯೋಚಿಸಿರಲಿಲ್ಲ. ಮೀನಿನ ಮುಳ್ಳೊಂದನ್ನು ಕಿತ್ತು ತಟ್ಟೆಯಂಚಿಗೆ ಎಸೆದ.

ಆರ್ವಿಲ್: ಅದೆಲ್ಲ ಬೇಡ. ನನ್ನ ಮಗಳಿಗೆ ಮೊದಲನೆಯವನೇ ಬೇಕು. ಬೆಂಚು ಕಾಯೋ ಎರಡನೆಯವನು ಬೇಡ.

ಲವರ್ನ್: ಓಹೋ! ಆ ವರ್ಷ ಪೋಲ್ಕಾ ಡಾನ್ಸಿಗೆ ನಾನು ಯಾರ ಜೊತೆ ಹೋಗ್ಬೇಕಿತ್ತು?

ಆರ್ವಿಲ್: ಈಗ್ಯಾಕೆ ಆ ಹಳೇ ಕಥೆ?

ಲವರ್ನ್: ಗಾರ್ಡಿ ಸ್ಲಿವಿನ್‌ಸ್ಕಿ ಜೊತೆ. ಅವನು ಕಾಲು ಉಳುಕಿಸ್ಕೊಂಡ ಅಂತ, ಗೋಡೆಗೆ ಒರಗಿ ನಿಂತಿದ್ದ ನಿನ್ನನ್ನ ಎಳ್ಕೊಂಡು ಹೋದೆ. ಅವತ್ತಿಂದ ನೀನೇ ಆಡ್ತಿದೀಯ. ನಾನೇನಾದ್ರೂ ರೇಡಿಯೋಗೆ ಫೋನ್ ಮಾಡಿದ್ನಾ?

ಕೇಳುವ ಮುಂಚೆಯೇ ಆರ್ವಿಲ್ ಮುಂದೆ ಇನ್ನೊಂದು ಬ್ರಾಂಡಿ ಇಟ್ಟೆ. ಅಂಥ ಪೆಟ್ಟು ತಿಂದವನಿಗೆ ಅಷ್ಟಾದರೂ ಮಾಡಬೇಕು. ಅಷ್ಟರಲ್ಲಿ ಬಾಗಿಲು ತೆರೆಯಿತು. ಥೇನ್ ತಲೆ ಬಗ್ಗಿಸಿ, ಭುಜ ಓರೆ ಮಾಡಿ ಒಳಗೆ ಬಂದ. ನನ್ನ ಬಾಗಿಲು ಅವನ ಅಳತೆಯದಲ್ಲ.

ಥೇನ್: ಸರ್, ನೀವು ಹೂಂ ಉಹೂಂ ಅನ್ನೋಕ್ಮುಂಚೆ ಒಂದು ವಿಷಯ ಹೇಳಿಬಿಡ್ತೀನಿ. ಇವತ್ತು ಬೆಳಿಗ್ಗೆ ನನ್ನನ್ನ ತಂಡದಿಂದ ತೆಗೆದ್ರು.

ಲವರ್ನ್: ಅಯ್ಯೋ ಕಂದಾ! ಯಾಕಂತೆ?

ಥೇನ್: ಆಟ ಸರಿಯಿಲ್ಲ ಅಂತಲ್ಲ. ಯಾರೋ ಒಬ್ಬ ಮುದುಕ ವಾರವಾರ ರೇಡಿಯೋದಲ್ಲಿ ಬೊಬ್ಬೆ ಹೊಡೀತಾನಂತೆ. ಮೇಲಿನವರಿಗೆ ಕೇಳಿ ಕೇಳಿ ತಲೆ ಕೆಟ್ಟುಹೋಯ್ತಂತೆ.

ಲವರ್ನ್: ಯಾರಪ್ಪ ಅವನು? ನಿಂಗೇನಾದ್ರೂ ಗೊತ್ತಾ ಆರ್ವಿಲ್?

ಆರ್ವಿಲ್: ಮೀನಿಗೆ ಉಪ್ಪು ಕಮ್ಮಿ.

ಥೇನ್: ಆದ್ರೆ ಕೆಲಸ ಹೋಗಿಲ್ಲ ಸರ್, ಯೋಚ್ನೆ ಬೇಡ. ಮಧ್ಯಾಹ್ನವೇ ಶಿಕಾಗೊದವರು ಕರೆದು ಸೇರಿಸ್ಕೊಂಡ್ರು.

ಬಾರಿನಲ್ಲಿ ಫೋರ್ಕುಗಳ ಸದ್ದು ನಿಂತಿತು. ನಮ್ಮ ಬದ್ಧವೈರಿ ಶಿಕಾಗೊ ತಂಡದ ಹೆಸರನ್ನು ನಮ್ಮಲ್ಲಿ ಊಟದ ಮುಂದೆ ಯಾರೂ ಎತ್ತುವುದಿಲ್ಲ.

ಆರ್ವಿಲ್: ಶಿಕಾಗೊದವರಾ? ನಮ್ಮ ಹುಡುಗನ್ನಾ?

ಲವರ್ನ್: ನಮ್ಮ ಹುಡುಗ ಆಗಿದ್ದು ಯಾವಾಗ?

ಆರ್ವಿಲ್: ನೀನು ಸುಮ್ನಿರು! ಹೋದ ಭಾನುವಾರ ಎದುರು ತಂಡದ ಆ ಗೂಳಿಯಂಥವನನ್ನ ಕೊನೇವರೆಗೂ ಅಲುಗಾಡದ ಹಾಗೆ ತಡೆದೋನು ಯಾರು? ಇಬ್ಬರನ್ನ ಒಟ್ಟಿಗೆ ಕೆಡವಿದ್ದು ಯಾರು? ಮೂಗಲ್ಲಿ ರಕ್ತ ಸುರೀತಿತ್ತು, ತೋಳಲ್ಲಿ ಒರೆಸ್ಕೊಂಡು ಮತ್ತೆ ಬಂದು ಸಾಲಲ್ಲಿ ನಿಂತ್ಕೊಂಡ. ಇಂಥವನನ್ನ ಬಿಡೋದಾ? ಬುದ್ಧಿಗೇಡಿಗಳು!

ಥೇನ್: ಅದನ್ನ ಟೀವಿಯವರೂ ತೋರಿಸ್ಲಿಲ್ಲ ಸರ್. ಎಲ್ರ ಕಣ್ಣೂ ಚೆಂಡಿನ ಮೇಲೇ ಇರುತ್ತೆ. ನಿಮಗೆ ಹೇಗೆ ಗೊತ್ತು?

ಆರ್ವಿಲ್: ಚೆಂಡು! ನಾನು ಚೆಂಡು ನೋಡಿ ಎಷ್ಟು ಕಾಲ ಆಯ್ತೋ. ಡೀನಾ ನಿನ್ನ ಹೆಸರು ಹೇಳಿದ ದಿನದಿಂದ, ಸ್ಟೇಡಿಯಂನಲ್ಲಿ ನಮ್ಮಪ್ಪ ಬಿಟ್ಟುಹೋದ ಸೀಟಲ್ಲಿ ಕೂತು ನಿನ್ನೊಬ್ಬನನ್ನೇ ನೋಡ್ತಿದೀನಿ. ತಪ್ಪು ಹುಡುಕೋಕೆ.

ಲವರ್ನ್: ಸಿಕ್ತಾ?

ಆರ್ವಿಲ್: ಚೆಂಡು ಹಿಡಿಯಲ್ಲ. ಅಷ್ಟೇ. ಇನ್ನೇನೂ ಸಿಕ್ಕಿಲ್ಲ ಕಣೇ.

ಥೇನ್: ಹಾಗಾದ್ರೆ ಮದುವೆಗೆ...?

ಆರ್ವಿಲ್: ಮದುವೆಗೆ ಹೂಂ. ಶಿಕಾಗೊಗೆ ಉಹೂಂ.

ಲವರ್ನ್: ಹೂಂ ಅಂದ್ಮೇಲೆ ಡೀನಾನೂ ಅಲ್ಲಿಗೇ ಹೋಗ್ತಾಳೆ. ಮೊಮ್ಮಕ್ಕಳು ಶಿಕಾಗೊ ಜೆರ್ಸಿ ಹಾಕ್ಕೊಂಡು ನಿನ್ನ ತೊಡೆ ಮೇಲೆ ಕೂರ್ತಾವೆ.

ಆರ್ವಿಲ್ ಬ್ರಾಂಡಿಯನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದ. ನೇರ ಕೌಂಟರಿಗೆ ಬಂದು ನನ್ನ ಫೋನನ್ನು ಎಳೆದುಕೊಂಡ.

ಆರ್ವಿಲ್: ಶಿಕಾಗೊದಲ್ಲೂ ಇಂಥ ರೇಡಿಯೋ ಇರ್ಬೇಕಲ್ಲ?

ಥೇನ್: ಇದೆ. ಯಾಕೆ ಸರ್?

ಆರ್ವಿಲ್: ಈ ಬಾಯಿ ಒಂದ್ಸಲ ನಿನ್ನ ಕೆಲಸ ಕಳೀತು. ಇನ್ನೊಂದ್ಸಲ ಕಳೆದ್ರೆ ವಾಪಸ್ ಬರ್ತೀಯ.

ನಂಬರು ವಿಚಾರಿಸಿ ಒತ್ತಿದ. ಆ ಕಡೆ ಫೋನು ಎತ್ತಿದರು. ಆರ್ವಿಲ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಬಾರೆಲ್ಲ ಅವನನ್ನೇ ನೋಡುತ್ತಿತ್ತು.

ಆರ್ವಿಲ್: ಹಲೋ... ನಾನು... ಹುಟ್ಟಿದಾಗಿಂದ... ಶಿಕಾಗೊ ಅಭಿಮಾನಿ. ಆ ಹೊಸ ಟೈಟ್ ಎಂಡ್ ಇದಾನಲ್ಲ, ವುಕೊವಿಚ್? ಶುದ್ಧ ದಂಡ! ಅವನ ಬದಲು ಒಂದು ಫ್ರಿಜ್ ನಿಲ್ಲಿಸಿ. ಮನೆಗೆ ಕಳಿಸಿ ಅವನನ್ನ!

ಆಮೇಲೆ ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಅವನ ಮುಖ ಸಣ್ಣಗಾಯಿತು. ಮೆತ್ತಗೆ ಫೋನ್ ಕೆಳಗಿಟ್ಟ.

ಲವರ್ನ್: ಏನಂದ್ರು?

ಆರ್ವಿಲ್: "ಚೆಂಡು ಹಿಡಿಯೋರು ಬೇಕಾದಷ್ಟಿದಾರೆ, ಅವನ ಹಾಗೆ ತಡೆಯೋರು ಸಿಗಲ್ಲ. ನಿಂಗೆ ಆಟ ಗೊತ್ತಿಲ್ಲ, ಫೋನಿಡು ಮುದುಕ" ಅಂದ.

ಲವರ್ನ್: ಸರಿಯಾಗೇ ಹೇಳಿದಾನಲ್ಲ.

ಆರ್ವಿಲ್: ಅದೇ ಲವರ್ನ್! ಶಿಕಾಗೊದವರಿಗೂ ಬುದ್ಧಿ ಇದೆ. ಇನ್ನು ನಾನು ಈ ಊರಲ್ಲಿ ಹೇಗೆ ಬದುಕ್ಲಿ?