ಓದಲು ಬರುವ ವಿಳಾಸ

ಮೆಣಸೆಯ ಹೋಂಸ್ಟೇಯಲ್ಲಿ ಅಡುಗೆಗಿದ್ದ ಬೂತಪ್ಪನ ನಿದ್ದೆ ಕೆಡಿಸಿದ್ದು ಒಂದು ಪ್ರಶ್ನಾರ್ಥಕ ಚಿಹ್ನೆ. ಹೋಂಸ್ಟೇಯ ವೆಬ್‌ಸೈಟಿನ ವಿಳಾಸದ ನಡುವೆ ಅದು ಕೊಕ್ಕೆಯ ಹಾಗೆ ನೇತಾಡುತ್ತಿತ್ತು. ಅದರ ಬಾಲಕ್ಕೆ ಒಂದಿಷ್ಟು ಅಂಕಿ, ಶೇಕಡಾ ಗುರುತು. ಗೂಗಲ್‌ನಲ್ಲಿ ಹುಡುಕಿದರೆ ಶೃಂಗೇರಿ ಸುತ್ತಲಿನ ಹೋಂಸ್ಟೇಗಳೆಲ್ಲ ಬಂದು, ಯಾರೋ ಟಿಲ್ಲರ್ ಮಾರುವವರೂ ಬಂದು ಹೋದ ಮೇಲೆ ಇವರದು ಕಾಣುತ್ತಿತ್ತು. ತಪ್ಪು ಆ ಕೊಕ್ಕೆಯದೇ ಎಂದು ಅವನ ಗುಮಾನಿ.

ಮಾಲೀಕ ಮಹೇಶ್ವರ ಕೊಪ್ಪದಿಂದ ಫೋನು ಮಾಡಿ, ಈ ವಾರವೂ ಗಿರಾಕಿ ಬರದಿದ್ದರೆ ಹೋಂಸ್ಟೇಗೆ ಬೀಗ ಎಂದಿದ್ದ. ಬೂತಪ್ಪನೂ ಹೆಂಡತಿ ಸುಬ್ಬಿಯೂ ಇದ್ದದ್ದು ಅದರ ಹಿಂದಿನ ಕೋಣೆಯಲ್ಲೇ. ಬೀಗ ಬಿದ್ದರೆ ಕೆಲಸದ ಜೊತೆಗೆ ಸೂರೂ ಹೋಗುತ್ತದೆ. ಹೋಗಲು ಬೇರೆ ಜಾಗವಿರಲಿಲ್ಲ.

ಬೆಳಿಗ್ಗೆಯೇ ಅವನು ಶೃಂಗೇರಿಗೆ ಹೊರಟ. ಕರೆಯದಿದ್ದರೂ ಪಕ್ಕದ ಮನೆಯ ಶೇಷಪ್ಪ ಜೊತೆಗೆ ಬಸ್ಸು ಹತ್ತಿದ. ಊರಿನವರ ಕಷ್ಟಕ್ಕೆಲ್ಲ ಸಲಹೆ ಕೊಡುವುದು ತನ್ನ ಪಾಲಿಗೆ ಬಂದ ಪಿತ್ರಾರ್ಜಿತ ಎಂದು ತಿಳಿದ ಮನುಷ್ಯ ಅವನು.

ವೆಬ್‌ಸೈಟು ಮಾಡಿಕೊಟ್ಟಿದ್ದ ಸೈಬರ್ ಸೆಂಟರಿನ ಜಯಪ್ರಕಾಶ್ ವಿಳಾಸ ನೋಡಿ ತಲೆ ಕೆರೆದುಕೊಂಡ. ಅಂಕಿಗಳ ಬದಲು ಜನ ಓದುವಂಥ ಶಬ್ದಗಳಿದ್ದರೆ ಗೂಗಲ್ಲಿಗೂ ಅನುಕೂಲ ಎಂದು ವಿವರಿಸಿದ.

"ಆದ್ರೆ ಬೂತಪ್ಪಣ್ಣ, ಸ್ವಲ್ಪ ಸಹಾಯ ಆಗ್ತದೆ ಅಷ್ಟೆ. ಅದೊಂದರಿಂದಲೇ ಮೇಲೆ ಬರಲ್ಲ. ಹುಡುಕೋದ್ರಲ್ಲಿ ಕಾಣ್ಬೇಕಾದ್ರೂ ಕೆಲವು ದಿನ ಬೇಕು."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಬೂತಪ್ಪನ ಕಿವಿಗೆ ಬಿದ್ದದ್ದು 'ಸಹಾಯ ಆಗ್ತದೆ' ಎಂಬುದು ಮಾತ್ರ.

ಊರಿನ ಹೆಸರು, ಹೋಂಸ್ಟೇ ಎಂಬ ಶಬ್ದ ಇದ್ದರೆ ಸಾಕೆಂದು ಜಯಪ್ರಕಾಶ್ ಹೇಳುವಷ್ಟರಲ್ಲಿ ಶೇಷಪ್ಪ ಕುರ್ಚಿ ಎಳೆದುಕೊಂಡ.

"ಊರಿನ ಹೆಸರು ನೋಡಿ ಯಾರು ಬರ್ತಾರೆ ಮಾರಾಯ? ಕಾಡುಹಂದಿ ಸಾರು ಅಂತ ಸೇರ್ಸು. ಪೇಟೆಯವರಿಗೆ ಅದೇ ಹುಚ್ಚು."

ಶಿಕಾರಿ ಮಾಡಿದರೆ ಜೈಲು ಎಂದು ಬೂತಪ್ಪ ಹೆದರಿದ. ಶಿಕಾರಿ ಮಾಡುವವರು ಯಾರು, ಹಂದಿ ವಿಳಾಸದಲ್ಲಿರುತ್ತದೆಯೇ ಹೊರತು ಒಲೆಯ ಮೇಲಲ್ಲವಲ್ಲ ಎಂದು ಶೇಷಪ್ಪ ಸಮಾಧಾನ ಹೇಳಿದ. ಜಯಪ್ರಕಾಶ್ ಬೇಡವೆಂದರೂ ಕೊನೆಗೆ ಮೆಣಸೆ, ಹೋಂಸ್ಟೇ, ಕಾಡುಹಂದಿ, ಸಾರು ಎಲ್ಲವೂ ಸಾಲಾಗಿ ವಿಳಾಸದೊಳಗೆ ಕೂತವು. ಶೇಷಪ್ಪ ಗೆದ್ದವನ ಠೀವಿಯಲ್ಲಿ ಮೊದಲ ಬಸ್ಸಿಗೆ ವಾಪಸಾದ. ಬೂತಪ್ಪ ತರಕಾರಿ ಕೊಂಡು ನಿಧಾನವಾಗಿ ಬಂದ.

ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರು ಗಿರಾಕಿಗಳು ಬಂದೇಬಿಟ್ಟರು. ಬೂತಪ್ಪನಿಗೆ ಕಣ್ಣು ತುಂಬಿತು. ಆದರೆ ಅವರು ಚಾಪೆಯ ಮೇಲೆ ಕೂತವರೇ ಕೇಳಿದ್ದು ಕಾಡುಹಂದಿ ಸಾರನ್ನು. ಕೋಳಿ ಆಗಬಹುದೇ ಎಂದರೆ ಎದ್ದು ನಿಂತರು.

ಬೂತಪ್ಪ ಹಿತ್ತಿಲಿನಿಂದ ಶೇಷಪ್ಪನ ಮನೆಗೆ ಓಡಿದ. ಶೇಷಪ್ಪನ ಹೆಂಡತಿ ಭೈರಮ್ಮ ಅಂದು ಸಾಕಿದ ಹಂದಿಯ ಸಾರು ಮಾಡಿದ್ದಳು. ಅದನ್ನೇ ಪಾತ್ರೆಯಲ್ಲಿ ತಂದು ಬಡಿಸಿದ.

"ಇದು ಖಂಡಿತ ಕಾಡಿಂದೇನಾ?" ಹಿರಿಯನಂತಿದ್ದವನು ಕೇಳಿದ.

"ಹೌದು ಸಾರ್. ನಮ್ಮ ಗುಡ್ಡದ್ದೇ."

ಇಬ್ಬರೂ ತುತ್ತು ಮುಟ್ಟಲಿಲ್ಲ. ಹಿರಿಯ ಜೇಬಿನಿಂದ ಅರಣ್ಯ ಇಲಾಖೆಯ ಗುರುತಿನ ಚೀಟಿ ತೆಗೆದ. ಕಿರಿಯ ಸಾರನ್ನು ಬಾಟಲಿಗೆ ತುಂಬಿ ಅರಗಿನ ಮುದ್ರೆ ಒತ್ತಿದ.

ಬೂತಪ್ಪ ಕಾಲು ಹಿಡಿದು ನಿಜ ಹೇಳಿದ. ಅದು ಊರುಹಂದಿ, ಎದ್ದು ಹೋಗುತ್ತೀರೆಂದು ಹೆದರಿ ಸುಳ್ಳು ಹೇಳಿದೆ ಎಂದ. ಅಧಿಕಾರಿ ಕೆಟ್ಟವನಲ್ಲ. ಯಾವ ಹಂದಿಯೆಂದು ಲ್ಯಾಬಿನವರು ಹೇಳುತ್ತಾರೆ, ವರದಿ ಬರುವವರೆಗೆ ಹೋಂಸ್ಟೇ ಮುಚ್ಚಿರಬೇಕು, ನೀನು ಹೇಳಿಕೆ ಕೊಡಲು ಬರಬೇಕು ಎಂದ.

ಇಲಾಖೆಯ ಜೀಪು ಹತ್ತುವಾಗ ಬೂತಪ್ಪನಿಗೆ ಕೇಳದೆ ಇರಲಾಗಲಿಲ್ಲ.

"ಗೂಗಲ್ಲಲ್ಲಿ ನಮ್ಮದು ಎಷ್ಟನೇದಾಗಿ ಬಂತು ಸಾರ್?"

"ಗೂಗಲ್ಲಲ್ಲಿ ನೀವು ಸಿಗಲೇ ಇಲ್ಲ. ಬೆಳಿಗ್ಗೆ ಬಸ್ಸಲ್ಲಿ ನಿಮ್ಮ ಪಕ್ಕದ ಮನೆಯವರು ಕಂಡವರಿಗೆಲ್ಲ ಆ ವಿಳಾಸ ಹೇಳ್ತಾ ಇದ್ರು. ನಾನು ಹಿಂದಿನ ಸೀಟಲ್ಲಿದ್ದೆ. ಒಂದು ಸಲ ಕೇಳಿದ್ದಕ್ಕೇ ಬಾಯಿಪಾಠ ಆಯ್ತು."

ಅಷ್ಟರಲ್ಲಿ ಸುಬ್ಬಿ ಹಿಂದಿನ ಕೋಣೆಯ ಚಾಪೆ, ಪಾತ್ರೆಗಳನ್ನು ಒಂದೊಂದಾಗಿ ಅಂಗಳಕ್ಕೆ ತಂದಿಟ್ಟು ಮುಗಿಸಿದ್ದಳು. ಮಹೇಶ್ವರ ವಾರದ ಕೊನೆಗೆ ಹಾಕಬೇಕೆಂದಿದ್ದ ಬೀಗವನ್ನು ಸರ್ಕಾರವೇ ಆವತ್ತು ಹಾಕಿತು.